ಅರವತ್ತುನಾಲ್ಕು ಮನೆ

ಗುಮಾಸ್ತನಾದವನಿಗೆ ಏನಾದರೊಂದು ಚಟವಿರಬೇಕೆಂಬುದು ನಮ್ಮ ಅಭಿಪ್ರಾಯ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಸಂಘದ ಕಾರ್ಯಕಾರಿ ಸಮಿತಿ. ನಮಗೆ ಒಂದು ಪೆಟ್ಟಿಗೆ. ಊಟದ ತಟ್ಟೆಯಷ್ಟು ಅಗಲ, ಚಪ್ಪಟೆ. ಮೇಲೆ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು, ಒಟ್ಟು 64 ರಬ್ಬರ್ ಗುಂಡಿಗಳು. ಪ್ರತಿಯೊಂದರೊಳಗೂ ಒಂದು ಪುಟ್ಟ ದೀಪ. ತಿಳಿದವರು ಇದನ್ನು ಗ್ರಿಡ್ ಕಂಟ್ರೋಲರ್ ಎನ್ನುತ್ತಾರೆ. ನಮ್ಮಾಕೆ ಚೌಕಾಬಾರದ ಮಣೆ ಎನ್ನುತ್ತಾಳೆ. ಹಗಲೆಲ್ಲ ಕಚೇರಿಯ ರಿಜಿಸ್ಟರಿನ ಮನೆಗಳನ್ನು ತುಂಬಿ ಬಂದ ಮನುಷ್ಯ ರಾತ್ರಿಯೂ ಮನೆಗಳನ್ನೇ ತುಂಬುತ್ತ ಕೂಡುವುದನ್ನು ಕಂಡು ಆಕೆಗೆ ಸಿಟ್ಟಿಗಿಂತ ಮರುಕವೇ ಹೆಚ್ಚು.

ಈ ಪೆಟ್ಟಿಗೆಗೆ ಸ್ವಂತ ದನಿಯಿಲ್ಲ. ತಂತಿ ಕಿತ್ತರೆ ಅದು ಪೇಪರ್‌ವೇಟ್. ಗುಂಡಿ ಒತ್ತಿದರೆ ‘ಇಂಥ ಮನೆ ಒತ್ತಲ್ಪಟ್ಟಿದೆ’ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ, ಅಷ್ಟೇ. 1983ರಲ್ಲಿ ವಾದ್ಯದ ಕಂಪನಿಗಳು ಸೇರಿ ಒಪ್ಪಿಕೊಂಡ ಮಿಡಿ ಎಂಬ ಸಂಕೇತಭಾಷೆಯಲ್ಲಿ ಈ ವರದಿ ಹೋಗುತ್ತದೆ. ಅದರಲ್ಲಿ ಸ್ವರವೂ ಸಂಖ್ಯೆ, ಜೋರೂ ಸಂಖ್ಯೆ, ಎಲ್ಲವೂ ಸೊನ್ನೆಯಿಂದ 127ರೊಳಗೆ. ಸಂಗೀತವಿರುವುದು ಕಂಪ್ಯೂಟರಿನಲ್ಲಿ, ಏಬಲ್ಟನ್ ಲೈವ್‌ನಂಥ ತಂತ್ರಾಂಶದೊಳಗೆ. ಅಲ್ಲಿ ಒಂದೊಂದು ಕಂಬಸಾಲು ಒಂದೊಂದು ವಾದ್ಯ. ಒಂದೊಂದು ಮನೆಯಲ್ಲಿ ಆ ವಾದ್ಯದ ಒಂದು ತುಣುಕು. ಒತ್ತಿದರೆ ತುಣುಕು ಸುತ್ತತೊಡಗುತ್ತದೆ. ಅದೇ ಕಂಬದ ಇನ್ನೊಂದನ್ನು ಒತ್ತಿದರೆ ಮೊದಲಿನದು ಜಾಗ ಬಿಟ್ಟುಕೊಡುತ್ತದೆ. ಒಂದು ಬೆಂಚಿನ ಮೇಲೆ ಒಬ್ಬನೇ ಕೂಡಬೇಕೆಂಬ ನಿಯಮ.

ವಂಶಾವಳಿ ಬಹಳ ಹಳೆಯದಲ್ಲ. 1988ರಲ್ಲಿ ರೋಜರ್ ಲಿನ್ ಎಂಬ ಅಮೆರಿಕದವರು ಅಕಾಯ್ ಕಂಪನಿಗೆ ರೂಪಿಸಿಕೊಟ್ಟ ಯಂತ್ರಕ್ಕೆ ನಾಲ್ಕು ನಾಲ್ಕಲೇ ಹದಿನಾರು ಮನೆ. 2006ರಲ್ಲಿ ಅಮೆರಿಕದ ಬ್ರಯಾನ್ ಕ್ರಾಬ್‌ಟ್ರೀ ಮತ್ತು ಕೆಲ್ಲಿ ಕೇನ್ ‘ಮೊನೋಮ್’ ಎಂಬುದನ್ನು ಹೊರತಂದರು: 64 ಗುಂಡಿ, ಒಂದರ ಮೇಲೂ ಅಕ್ಷರವಿಲ್ಲ. ಯಾವುದಕ್ಕೆ ಯಾವ ಕೆಲಸ ಎಂಬುದನ್ನು ಬಾರಿಸುವವನೇ ಗೊತ್ತುಮಾಡಿಕೊಳ್ಳಬೇಕು. ನಮ್ಮದು 2009ರಲ್ಲಿ ನೋವೇಶನ್ ಕಂಪನಿ ತಂದ ಲಾಂಚ್‌ಪ್ಯಾಡ್. ಅಗ್ಗದ್ದು, ಅದೂ ಸೆಕೆಂಡ್‌ಹ್ಯಾಂಡ್. 2011ರಲ್ಲಿ ಮಾಡಿಯೋನ್ ಎಂಬ ಫ್ರಾನ್ಸಿನ ಹುಡುಗ ಇಂಥದೇ ಪೆಟ್ಟಿಗೆಯ ಮೇಲೆ 39 ಹಾಡುಗಳ ತುಣುಕುಗಳನ್ನು ಪೋಣಿಸಿ ಬಾರಿಸಿದ ಚಿತ್ರವನ್ನು ಲೋಕವೆಲ್ಲ ನೋಡಿತು. ನಮ್ಮ ಚಟಕ್ಕೂ ಅವನೇ ಮೂಲ.

ಈ ದೇಶಕ್ಕೆ ಇದೆಲ್ಲ ಹೊರಗಿನದು ಎನ್ನುವವರು ಮುಂಬಯಿಯ ಚರಣಜಿತ್ ಸಿಂಗರನ್ನು ನೆನೆಯಬೇಕು. ಸಿನಿಮಾ ವಾದ್ಯಗೋಷ್ಠಿಯ ಆ ಮಹನೀಯರು 1982ರಲ್ಲಿಯೇ ಹತ್ತು ರಾಗಗಳನ್ನು ವಿದ್ಯುತ್ ಯಂತ್ರಗಳ ಮೇಲೆ ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡು ತಂದಿದ್ದರು. ಅದರಲ್ಲಿ ತಾಳ ಹಿಡಿದದ್ದು ರೋಲಾಂಡ್ ಕಂಪನಿಯ 808. ಅದಕ್ಕೂ ಸಾಲಾಗಿ ಹದಿನಾರು ಗುಂಡಿ, ನಮ್ಮ ತೀನತಾಲದ ಹದಿನಾರು ಮಾತ್ರೆಗಳ ಹಾಗೆ. 2010ರಲ್ಲಿ ಆ ರೆಕಾರ್ಡು ಮತ್ತೆ ಅಚ್ಚಾದಾಗ ವಿದೇಶದವರು ಕಣ್ಣರಳಿಸಿದರು.

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಮ್ಮ ಹೆಸರು ಕೊಟ್ಟಾಗ ಸಮಿತಿಯಲ್ಲಿ ಸಣ್ಣ ಚರ್ಚೆಯಾಯಿತಂತೆ. ಮೊದಲೇ ತುಂಬಿಟ್ಟದ್ದನ್ನು ಹಾಡಿಸುವುದು ಕಛೇರಿ ಹೇಗಾದೀತು ಎಂಬುದು ಒಬ್ಬ ಹಿರಿಯರ ವಾದ. ಮೀಂಡ್ ಇಲ್ಲ, ಗಮಕವಿಲ್ಲ, ಸ್ವರಗಳು ಮೊಳೆ ಹೊಡೆದ ಹಾಗೆ ಎಂಬುದು ಇನ್ನೊಬ್ಬರದು. ಇದೇ ಮಾತನ್ನು ಹಿಂದೆ ಹಾರ್ಮೋನಿಯಂ ಮೇಲೂ ಆಡಿದ್ದರು. 1940ರಿಂದ 1971ರವರೆಗೆ ರೇಡಿಯೋದಲ್ಲಿ ಅದಕ್ಕೆ ಬಾಗಿಲು ಮುಚ್ಚಿತ್ತು. ಆ ಹಿರಿಯರ ಮನೆಯ ಭಜನೆ ಇಂದಿಗೂ ಹಾರ್ಮೋನಿಯಂ ಇಲ್ಲದೆ ಏಳುವುದಿಲ್ಲ ಎಂಬುದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಬರೆದೆವು, ಅಷ್ಟೇ.

ನಮ್ಮನ್ನು ನಿಜವಾಗಿ ಕಾಡಿದ ಪ್ರಶ್ನೆ ಮನೆಯೊಳಗಿನದು. ನಮ್ಮ ಕಾಕಾ ಧಾರವಾಡದ ಕಡೆ ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸಿದವರು. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಮಡಚಿಕೊಂಡಿದೆ. ಈಗ ಪುಣೆಯಲ್ಲಿ ನಮ್ಮಲ್ಲೇ ಇದ್ದಾರೆ. ಪೇಟಿಗೆ ಹೊದಿಸಿದ ಬಟ್ಟೆಯನ್ನು ತೆಗೆಯಲು ಬಿಡುವುದಿಲ್ಲ. ನಾವು ದೀಪ ಮಿಣುಕಿಸುತ್ತ ಕೂತದ್ದನ್ನು ಹಲವು ದಿನ ನೋಡಿ ಒಮ್ಮೆ ಕೇಳಿದರು:

“ಖರೇ ಹೇಳು. ನೀ ಬಾರಸ್ತೀಯೋ, ಅದು ಬಾರಸ್ತದೋ?”

ಉತ್ತರ ಹೇಳುವ ಬದಲು ನಾವು ಒಂದು ಕೆಲಸಕ್ಕೆ ಕೈಹಾಕಿದೆವು. ಕಾಯಿಲೆಗೆ ಮೊದಲು ಗಣೇಶನ ಹಬ್ಬದ ಭಜನೆಯಲ್ಲಿ ಕಾಕಾ ಬಾರಿಸಿದ್ದು ಫೋನಿನಲ್ಲಿತ್ತು. ಅದನ್ನು ಹದಿನಾರು ಹದಿನಾರು ಮಾತ್ರೆಗಳ ತುಣುಕು ಮಾಡಿ ಒಂದು ಕಂಬಕ್ಕೆ ತುಂಬತೊಡಗಿದೆವು. ಐದು ವಾರ ಹಿಡಿಯಿತು. ಯಂತ್ರಕ್ಕೆ ಮಾತ್ರೆಗಳು ಸಮ ಅಂತರದಲ್ಲಿ ಬೇಕು. ಕಾಕಾ ಆವರ್ತನದ ನಡುವೆ ತುಸು ಎಳೆದು, ಕೊನೆಗೆ ಓಡಿ ಸಮಕ್ಕೆ ಬಂದು ಬೀಳುವ ಪೈಕಿ. ದನಿಯ ಎತ್ತರ ಕೆಡದಂತೆ ಕಾಲವನ್ನು ಮಾತ್ರ ಎಳೆಯುವ ಸೌಕರ್ಯ ತಂತ್ರಾಂಶದಲ್ಲಿದೆ; ಪ್ರತಿ ಮಾತ್ರೆಗೂ ಮೊಳೆ ಹೊಡೆದಂತೆ ಗುರುತು ಹಾಕಿ ನೆಟ್ಟಗೆ ನಿಲ್ಲಿಸಬಹುದು. ಹಾಗೆ ಮಾಡಿ ಕೇಳಿದರೆ ತಾಳ ನೆಟ್ಟಗಾಗಿತ್ತು, ಕಾಕಾ ಮಾಯವಾಗಿದ್ದರು. ಎಲ್ಲ ಮೊಳೆ ಕಿತ್ತು ಸಮದಲ್ಲಿ ಮಾತ್ರ ಒಂದೊಂದು ಉಳಿಸಿದೆವು. ನಡುವೆ ಅವರು ಎಳೆದಷ್ಟು ಎಳೆಯಲಿ, ಓಡಿದಷ್ಟು ಓಡಲಿ.

ಒಂದು ರವಿವಾರ ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟೆವು. ತಾನಪುರ, ತಬಲಾ ಆಗಲೇ ಸುತ್ತುತ್ತಿದ್ದವು. ಎಡಗೈಯ ತೋರುಬೆರಳಿನಿಂದ ಒತ್ತಿದರು. ದನಿ ಬರಲಿಲ್ಲ; ದೀಪ ಮಿಣುಕಿತು. ಮುಂದಿನ ಸಮದವರೆಗೆ ಕಾಯಬೇಕೆಂದು ನಾವೇ ಯಂತ್ರಕ್ಕೆ ಕಟ್ಟುಮಾಡಿದ್ದೆವು. ನಿಮಿಷಕ್ಕೆ 120 ಮಾತ್ರೆಯ ನಡಿಗೆ. ಒಂದು ಆವರ್ತನಕ್ಕೆ 8 ಸೆಕೆಂಡು. ಸಮ ತಪ್ಪಿ ಕೂದಲೆಳೆಯಷ್ಟು ತಡವಾದರೂ ಆ ಎಂಟನ್ನು ಪೂರ್ತಿ ಕಾಯಬೇಕು. ಸಮ ಬಂತು, ಅವರದೇ ಪೇಟಿ ಎತ್ತಿಕೊಂಡಿತು. ಮುದುಕರು ಮುಖ ಆಚೆ ತಿರುಗಿಸಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತರು.

ಆಮೇಲೆ ಕೇಳಿದ್ದು ಮಾತ್ರ ಬೇರೆಯೇ ಪ್ರಶ್ನೆ: “ಇದಕ್ಕ ತಿದಿ ಎಲ್ಲದ?”

ಪೇಟಿಯ ಮನೆಯನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ದನಿ ಒಂದೇ. ಏರಿಳಿತವೆಲ್ಲ ತಿದಿ ಹಾಕುವ ಎಡಗೈಯದು. ನಮ್ಮ ಹಳೆಯ ಪೆಟ್ಟಿಗೆಯೂ ಹಾಗೆಯೇ, ಒತ್ತುವ ಬಲ ಅದಕ್ಕೆ ತಿಳಿಯದು. ಬಲ ತಿಳಿಯುವ ಪೆಟ್ಟಿಗೆಗಳು ಬಂದಿವೆ, ನಮ್ಮ ಸಂಬಳಕ್ಕೆ ಬಂದಿಲ್ಲ. ನಾವು ಪಕ್ಕದ ಕಂಬ ತೋರಿಸಿ, ಯಾವುದನ್ನು ಯಾವಾಗ ನಿಲ್ಲಿಸಬೇಕೆಂಬುದೂ ಕೈಯಲ್ಲಿದೆ ಎಂದೆವು. ಅವರು ತಲೆದೂಗಿ, “ಹಂಗಾದ್ರ ತಬಲಾ ತಗಿ. ಪೇಟಿ ಒಂದ ಇರಲಿ,” ಎಂದರು. ತೆಗೆದೆವು. ಒಂದು ಆವರ್ತನ ಪೇಟಿಯೊಂದೇ ಹರಿಯಿತು. ಮುಂದಿನ ಸಮಕ್ಕೆ ಎರಡು ಮಾತ್ರೆ ಮೊದಲೇ ಅವರ ಬೆರಳು ತಬಲಾದ ಮನೆ ಒತ್ತಿತ್ತು. ನಟರು ಬಾಯಿ ತೆರೆಯುವುದಕ್ಕೆ ಮೊದಲೇ ಸ್ವರ ಕೊಟ್ಟ ಕೈಗೆ ಮುಂದಾಗಿ ಒತ್ತುವುದನ್ನು ನಾವು ಕಲಿಸಬೇಕಾಗಿರಲಿಲ್ಲ.

ಸಮಿತಿಯವರು ಕೋಲಾಟಕ್ಕೂ ಬಹುಮಾನ ವಿತರಣೆಗೂ ನಡುವೆ ಹನ್ನೆರಡು ನಿಮಿಷ ಕೊಟ್ಟಿದ್ದಾರೆ. ಕಾರ್ಯದರ್ಶಿಗಳು ಪಟ್ಟಿಯಲ್ಲಿ ‘ಹಾರ್ಮೋನಿಯಂ’ ಎಂಬುದರ ಮುಂದೆ ಯಾರ ಹೆಸರು ಬರೆಯಬೇಕೆಂದು ಕೇಳಿ ಎರಡು ಸಲ ಫೋನು ಮಾಡಿದರು. ಕಾಕಾರನ್ನು ಕೇಳಿದರೆ, “ಮೊದಲ ರೂಪಕ ಕೂಡಸು, ಆಮ್ಯಾಲ ಹೆಸರು,” ಎನ್ನುತ್ತಾರೆ. ರೂಪಕಕ್ಕೆ ಏಳು ಮಾತ್ರೆ. ನಾಲ್ಕರ ಲೆಕ್ಕಕ್ಕೆ ಕಟ್ಟಿಟ್ಟ ಯಂತ್ರವನ್ನು ಏಳಕ್ಕೆ ತಿರುಗಿಸಿ, ತುಣುಕುಗಳನ್ನೆಲ್ಲ ಹೊಸದಾಗಿ ಕತ್ತರಿಸಬೇಕು. ಅದಕ್ಕೆಂದು ಶನಿವಾರಕ್ಕೆ ಅರ್ಧ ದಿನದ ರಜೆ ಬರೆದುಕೊಟ್ಟಿದ್ದೇವೆ; ಮಂಜೂರಾಗಿ ಬಂದಿಲ್ಲ.