ಕೋಟೆ ಒಡೆದ ರೈಲು, ಕೋಟೆಯ ಚಿತ್ರ

ಇಂಗ್ಲೆಂಡಿನ ಯಾರ್ಕ್ ಸ್ಟೇಷನ್ನಿನಲ್ಲಿ ಇಳಿದವರು ಮೊದಲು ತಲೆಯೆತ್ತಿ ನೋಡಬೇಕು. 1877ರ ಈ ಕಬ್ಬಿಣ-ಗಾಜಿನ ಮಾಡು ಹಳಿಗಳ ಜೊತೆಗೇ ಬಾಗುತ್ತಾ ಸಾಗುತ್ತದೆ. ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣಿಸುವುದಿಲ್ಲ. ಲಂಡನ್ನಿನಿಂದ ಎರಡು ಗಂಟೆ ಬಿಸಿಲಲ್ಲಿ ಬಂದವನಿಗೆ ಇಲ್ಲಿ ಸ್ವಾಗತ ಕೋರಿದ್ದು ಜಡಿಮಳೆ.

ನ್ಯಾಷನಲ್ ರೈಲ್ವೇ ಮ್ಯೂಸಿಯಂ ಕಾಲ್ನಡಿಗೆಯ ದೂರದಲ್ಲೇ ಇದೆ. ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿ ಎಂಜಿನ್ನುಗಳ ದಾಖಲೆ ಬರೆದ ಮ್ಯಾಲಾರ್ಡ್ ಸುತ್ತ ಮಕ್ಕಳು ಮುತ್ತಿಕೊಂಡಿದ್ದಾರೆ. ಅದರ ನೀಲಿ ಮೈಯನ್ನು ಕಣ್ತುಂಬ ನೋಡಿ ಮುಂದೆ ಹೋಗುತ್ತೇನೆ. ನಾನು ಬಂದಿರುವುದು ಕಾಗದ ನೋಡಲು, ರೈಲು ಕಂಪನಿಗಳ ಹಳೆಯ ಪೋಸ್ಟರುಗಳನ್ನು.

1923ರಲ್ಲಿ ಬ್ರಿಟನ್ನಿನ ನೂರಕ್ಕೂ ಹೆಚ್ಚು ರೈಲು ಕಂಪನಿಗಳನ್ನು ಒಗ್ಗೂಡಿಸಿ ನಾಲ್ಕು ಮಾಡಿದರು. ಅವುಗಳಲ್ಲಿ ಎರಡು ಕಂಪನಿಗಳ ರೈಲುಗಳು ಬೇರೆಬೇರೆ ದಾರಿಯಲ್ಲಿ ಸ್ಕಾಟ್ಲೆಂಡಿಗೆ ಹೋಗುತ್ತಿದ್ದವು, ಪೈಪೋಟಿ ಜೋರಾಗಿತ್ತು. ಯಾರ್ಕ್ ಮೂಲಕ ಹೋಗುತ್ತಿದ್ದ ಎಲ್‌ಎನ್‌ಇಆರ್ ಕಂಪನಿಯ ಜಾಹೀರಾತು ಮುಖ್ಯಸ್ಥ ವಿಲಿಯಂ ಟೀಸ್‌ಡೇಲ್ ಆ ಕಾಲದ ಒಳ್ಳೊಳ್ಳೆಯ ಕಲಾವಿದರಿಂದ ಪೋಸ್ಟರು ಬರೆಸಿದ. ಸಮುದ್ರತೀರಗಳಿಗೆ ಟಾಮ್ ಪರ್ವಿಸ್. ಹಳೆಯ ಚರ್ಚು, ಹಳೆಯ ಬೀದಿಗಳಿಗೆ ಫ್ರೆಡ್ ಟೇಲರ್. ಯಾರ್ಕಿನ ಮಹಾ ಚರ್ಚು ಮಿನ್‌ಸ್ಟರ್ ಅನ್ನು ಮತ್ತೆ ಮತ್ತೆ ಬರೆದವನು ಟೇಲರನೇ.

ಅವನ ಮಿನ್‌ಸ್ಟರ್ ಪೋಸ್ಟರೊಂದರ ನಲವತ್ತು ಅಂಗುಲ ಎತ್ತರ, ಇಪ್ಪತ್ತೈದು ಅಂಗುಲ ಅಗಲದ ಹಾಳೆಯ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಲ್ಲುತ್ತೇನೆ. ದೂರದಿಂದ ಬೂದು ಕಲ್ಲೆನಿಸಿದ್ದು ಇಲ್ಲಿ ಬೂದು ಅಲ್ಲ: ಬೆಳಕು ಬಿದ್ದೆಡೆ ಕೆನೆಬಣ್ಣ, ನೆರಳಿನಲ್ಲಿ ನೇರಳೆ. ಲಿಥೋಗ್ರಾಫಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು; ಒಂದು ಕೂದಲೆಳೆ ಸರಿದರೂ ಗೋಪುರದ ಅಂಚು ಕಲಸಿಹೋಗುತ್ತದೆ. ಇಲ್ಲಿ ಅಂಚು ಕೊರೆದಿಟ್ಟಂತಿದೆ. ಇನ್ನೊಂದು ಬೆರಗು: ರೈಲು ಕಂಪನಿಯ ಈ ಜಾಹೀರಾತಿನಲ್ಲಿ ರೈಲೇ ಇಲ್ಲ! ಊರನ್ನು ತೋರಿಸಿದರೆ ಸಾಕು, ಜನ ಟಿಕೆಟ್ ಕೊಂಡೇ ಕೊಳ್ಳುತ್ತಾರೆ ಎಂಬ ಆ ನಂಬಿಕೆ ನನಗೆ ಬಹಳ ಇಷ್ಟವಾಯಿತು.

ಹಾಗಾದರೆ ಊರನ್ನೇ ನೋಡೋಣ. ಶಾಂಬಲ್ಸ್ ಎಂಬ ಹಳೆಯ ಕಟುಕರ ಬೀದಿಯಲ್ಲಿ ಮನೆಗಳ ಮೇಲಂತಸ್ತುಗಳು ಎದುರುಬದುರಾಗಿ ಬಾಗಿವೆ. ಕೆಳಗೆ ನಮ್ಮ ಛತ್ರಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಎಲ್ಲರಿಗೂ ನಗು. ಮಿನ್‌ಸ್ಟರಿನ ಒಳಗೆ, 1405ರಿಂದ 1408ರವರೆಗೆ ಜಾನ್ ಥಾರ್ನ್‌ಟನ್ ಮಾಡಿದ ಪೂರ್ವದ ಮಹಾ ಕಿಟಕಿ. ಹೊರಗೆ ಮಳೆ ಸುರಿಯುತ್ತಿದ್ದರೂ ಬಣ್ಣದ ಗಾಜು ಒಳಗೊಳಗೇ ಉರಿಯುತ್ತಿದೆ. ಬೈಬಲ್ಲಿನ ಸೃಷ್ಟಿಯೂ ಲೋಕಾಂತ್ಯವೂ ಅಲ್ಲಿವೆ. ಈ ಚರ್ಚನ್ನು ಕಾಗದಕ್ಕೆ ತರಲು ಹೊರಟ ಟೇಲರನ ಧೈರ್ಯ ದೊಡ್ಡದು.

ಮಳೆ ನಿಂತ ಮೇಲೆ ಕೋಟೆಗೋಡೆ ಹತ್ತುತ್ತೇನೆ. ಕೆಲವೆಡೆ ಒಳಬದಿಗೆ ಕಂಬಿಯೇ ಇಲ್ಲ, ಗಾಳಿ ಬೇರೆ ಪಕ್ಕಕ್ಕೆ ತಳ್ಳುತ್ತದೆ. ಎದುರಿಗೆ ಬಂದ ಅಜ್ಜಿಗೆ ದಾರಿ ಬಿಡಲು ಇಬ್ಬರೂ ಕೈಕೈ ಹಿಡಿದುಕೊಳ್ಳಬೇಕಾಯಿತು. ಸ್ಟೇಷನ್ನಿನ ಬಳಿ ಗೋಡೆಯಡಿ ದೊಡ್ಡ ಕಮಾನುಗಳು. ಯಾರ್ಕಿನ ಹಳೆಯ ಸ್ಟೇಷನ್ 1841ರಲ್ಲಿ ಕೋಟೆಯೊಳಗೇ ತೆರೆಯಿತು, ಅದಕ್ಕಾಗಿ ಗೋಡೆಯನ್ನೇ ಕೊರೆದರು. ಮುಂದೆ ಸಾಗುವ ರೈಲು ಹಿಮ್ಮುಖವಾಗಿ ಹೊರಬರಬೇಕಿತ್ತು. ಆ ತಾಪತ್ರಯಕ್ಕೇ 1877ರಲ್ಲಿ ಸ್ಟೇಷನ್ ಗೋಡೆಯಾಚೆ ಹೋಯಿತು. ಗೋಡೆ ಕೊರೆದ ರೈಲೇ ಮುಂದೆ ಈ ಹಳೆಯ ಊರಿನ ಚೆಲುವನ್ನು ಊರೂರಿನ ಪ್ಲಾಟ್‌ಫಾರ್ಮುಗಳಲ್ಲಿ ಅಂಟಿಸಿತು.

ಅಲ್ಲಿ ನಿಂತಾಗ ಶ್ರೀರಂಗಪಟ್ಟಣ ನೆನಪಾಗದೆ ಹೇಗಿದ್ದೀತು? ಅಲ್ಲಿಯೂ ಹಳಿ ಕೋಟೆಯೊಳಗೇ ಹಾದಿದೆ. ಜೋಡಿಹಳಿಗಾಗಿ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಒಡೆಯದೆ ಉಳಿಸಿಕೊಂಡೆವು, ಇನ್ನು ಈ ಊರಿನ ಪೋಸ್ಟರು ಬರೆಸಬೇಕು. ಕಾವೇರಿ, ಕೋಟೆ, ರಂಗನಾಥನ ಗೋಪುರ, ಕೆಳಗೆ ದಪ್ಪ ಅಕ್ಷರದಲ್ಲಿ ಊರಿನ ಹೆಸರು, ಅಷ್ಟೇ. ಬೆಂಗಳೂರು ಸ್ಟೇಷನ್ನಿನಲ್ಲಿ ತೂಗುಹಾಕಲಿ. ಬರೆಯುವವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಮೈಸೂರಿನ ಕಲಾಶಾಲೆ ಕಾವಾದಲ್ಲೇ ಇದ್ದಾರೆ.