ಜೈನಾಪುರದ ಹೊಲದ ಬೇವಿನ ಗಿಡ

ಜೈನಾಪುರದಲ್ಲಿ ನಮ್ಮ ಹೊಲದ ಬದುವಿಗೆ ಒಂದು ಬೇವಿನ ಗಿಡವಿದೆ. ಅದರ ಬುಡದಲ್ಲೇ ನಮ್ಮ ಅತ್ತೆಯವರ ಮಣ್ಣಾಯಿತು. ಹೋದ ವರ್ಷ ಮಾವನವರದೂ ಆಯಿತು. ನಮ್ಮ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡ್ರಿಸಿ ರಾತ್ರಿಯೆಲ್ಲ ಭಜನೆ ಮಾಡಿದರು. ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣು ಕೊಟ್ಟರು. ಆ ದಿನ ನಮ್ಮ ಒಲೆ ಹೊತ್ತಲಿಲ್ಲ. ಓಣಿಯ ಹೆಂಗಸರು ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದು, "ನೀನ ಉಣ್ಣದಿದ್ರ ಹುಡುಗ್ರಿಗೆ ಯಾರು ಹೇಳವ್ರು?" ಎಂದು ಗದರಿಸಿ ಉಣಿಸಿದರು. ಸತ್ತ ಮನೆಯಲ್ಲಿ ಹಸಿವಾದರೆ ನಾಚಿಕೆಯಾಗುತ್ತದೆ ನೋಡಿ, ಆದರೂ ಎರಡು ರೊಟ್ಟಿ ತಿಂದೆ.

ಮನಸ್ತಾಪ ಶುರುವಾದದ್ದು ತಿಂಗಳು ಕಳೆದ ಮೇಲೆ. ಪುಣೆಯಲ್ಲಿರುವ ಮೈದುನ ಬಂದು, "ಅಪ್ಪಗ ಅಮೃತಶಿಲೆ ಗದ್ದುಗಿ ಕಟ್ಟಿಸೂಣು" ಎಂದ. ನನ್ನ ಎದೆ ಧಸಕ್ಕೆಂದಿತು. ಮಾವನವರು ನನಗೆ ಬೇರೆಯೇ ಹೇಳಿದ್ದರು. 2023ರ ಜನವರಿ 3ರಂದು ವಿಜಯಪುರಕ್ಕೆ ಹೋಗಿ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಅಂತಿಮ ದರ್ಶನ ಮಾಡಿ ಬಂದಿದ್ದರು. ರೊಟ್ಟಿ ಬಡಿಯುತ್ತಿದ್ದ ನನ್ನ ಹತ್ತಿರ ಕೂತು, "ನನಗೂ ಕಲ್ಲು ಬ್ಯಾಡವಾ. ಗಿಡದ ಬುಡಕ ಇಡ್ರಿ, ಮ್ಯಾಲ ಜ್ವಾಳ ಬಿತ್ರಿ" ಅಂದಿದ್ದರು.

ಕೇಳಿದವಳು ನಾನೊಬ್ಬಳೇ. ಸೊಸೆಯ ಮಾತಿಗೆ ಸಾಕ್ಷಿ ಎಲ್ಲಿಂದ ತರಲಿ? "ವೈನಿ ಖರ್ಚು ಉಳಸಾಕ ಹೇಳ್ತಾಳ" ಎಂದು ಮೈದುನ ಅಂದೇಬಿಟ್ಟ. ನಮ್ಮವರು ಸುಮ್ಮನೆ ಕೂತಿದ್ದರು. ನನಗೆ ಹೆಚ್ಚು ನೋವು ಕೊಟ್ಟದ್ದು ಅದೇ.

ಕಲ್ಲು ನೋಡಲು ಮೂವರೂ ವಿಜಯಪುರದ ಬಸ್ಸು ಹತ್ತಿದೆವು. ಎರಡೂ ಕಡೆ ಎರೆ ಹೊಲ, ತೆನೆ ಕಟ್ಟಿದ ಬಿಳಿಜೋಳ. ಊರು ಮುಟ್ಟಿದರೆ ಎತ್ತ ನೋಡಿದರೂ ಗೋರಿಗಳೇ! ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟವಂತೂ ಎಲ್ಲರಿಗೂ ಗೊತ್ತು. ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸಿದ ಇಬ್ರಾಹಿಂ ರೋಜಾದಲ್ಲಿ ಕೊನೆಗೆ ರಾಜನೂ ಮಲಗಿದ. ನನಗೆ ಯಾವಾಗಲೂ ಕರುಳು ಚುರ್‌ ಅನ್ನುವುದು ಬಾರಾಕಮಾನ್ ಕಂಡಾಗ. 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್ ಶಾಹನ ಗೋರಿ ಅದು. ಕೆಲಸ ಅರ್ಧಕ್ಕೇ ನಿಂತು, ಮೇಲೆ ಮಾಡಿಲ್ಲದೆ ಕಪ್ಪು ಕಮಾನುಗಳಷ್ಟೇ ನಿಂತಿವೆ. ಅಷ್ಟು ದೊಡ್ಡ ರಾಜನ ಮನೆಯಲ್ಲೂ ಕಟ್ಟುವ ಕೆಲಸ ಪೂರ್ತಿಯಾಗಲಿಲ್ಲವಲ್ಲ!

ಅಂಗಡಿಗೆ ಹೋಗುವ ಮೊದಲು ಆಶ್ರಮಕ್ಕೆ ಹೋಗಿಬರೋಣವೆಂದು ನಾನೇ ಹಟ ಹಿಡಿದೆ. ಸ್ವಾಮಿಗಳು ನಮ್ಮ ಸೀಮೆಯವರೇ, ಬಿಜ್ಜರಗಿಯವರು. ಜೇಬಿಲ್ಲದ ಅಂಗಿ ತೊಟ್ಟವರು. 2018ರಲ್ಲಿ ಪದ್ಮಶ್ರೀ ಬಂದಾಗಲೂ ಒಲ್ಲೆ ಎಂದವರು. ತೀರಿಕೊಳ್ಳುವುದಕ್ಕೆ ಎಂಟು ವರ್ಷ ಮೊದಲೇ, 2014ರ ಗುರುಪೂರ್ಣಿಮೆಯಂದು, ತಮ್ಮ ಕೊನೆಯ ಇಚ್ಛೆ ಬರೆದಿಟ್ಟಿದ್ದರು. ದೇಹವನ್ನು ಹೂಳದೆ ಅಗ್ನಿಗೆ ಕೊಡಿ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ ಎಂದು. ಹಾಗೆಯೇ ನಡೆಯಿತು. ಲಕ್ಷಗಟ್ಟಲೆ ಜನ ಸೇರಿದ್ದರೂ ತಕರಾರು ಬರಲಿಲ್ಲ, ಕಾಗದ ಇತ್ತಲ್ಲ! ಮಾವನವರ ಮಾತನ್ನು ಒಂದು ಹಾಳೆಯಲ್ಲಿ ಬರೆಸಿ, ಓಣಿಯ ಇಬ್ಬರ ಸಹಿ ಹಾಕಿಸಿಕೊಳ್ಳುವ ಬುದ್ಧಿ ನನಗೆ ಯಾಕೆ ಬರಲಿಲ್ಲವೋ. ಹಿರಿಯರ ಮುಂದೆ ಸಾವಿನ ಮಾತು ತೆಗೆಯುವುದು ಹೇಗೆಂದು ಅಂಜಿದೆ.

ಸ್ವಾಮಿಗಳ ಕಥೆ ಮೈದುನನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆಶ್ರಮದ ಗಿಡದ ನೆರಳಿನಲ್ಲಿ ಬಹಳ ಹೊತ್ತು ಕೂತ. ಆಮೇಲೆ ನಮ್ಮವರು ತಾವಾಗಿಯೇ ಬಾಯಿ ಬಿಟ್ಟರು. "ಅವ್ವನ ಮ್ಯಾಲೂ ಅಪ್ಪ ಕಲ್ಲು ಇಡಲಿಲ್ಲ, ನೆನಪೈತಿಲ್ಲೋ ನಿನಗ?" ಎಂದರು. ಮೈದುನ ಉತ್ತರ ಕೊಡಲಿಲ್ಲ. ಕಲ್ಲಿನ ಅಂಗಡಿಯ ಕಡೆಗೂ ಹೋಗಲಿಲ್ಲ.

ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಬಂದು ಕೂತು, ಕಿಟಕಿಯ ಹೊರಗೇ ನೋಡುತ್ತ ಕೇಳಿದ: "ವೈನಿ, ಅಪ್ಪ ಮತ್ತೇನೇನ್ ಹೇಳ್ತಿದ್ದ?"

ಬಬಲೇಶ್ವರದ ಆಸ್ಪತ್ರೆಗೆ ಹೋಗುವ ದಿನವೂ ಎತ್ತುಗಳಿಗೆ ಮೇವು ಹಾಕಿದೆಯೋ ಇಲ್ಲವೋ ಎಂದು ಕೇಳಿದ್ದರಿಂದ ಶುರುಮಾಡಿದೆ. ಜೈನಾಪುರ ಬರುವವರೆಗೂ ಹೇಳುತ್ತಲೇ ಇದ್ದೆ.