ಕರಡಿ ಯಾರದು?

ನಮ್ಮ ನಾಡಿನಲ್ಲಿ ಕರಡಿಗೆ ಒಳ್ಳೆಯ ಹೆಸರಿಲ್ಲ. ಶಿವಪೂಜೆಯ ನಡುವೆ ಬಿಡಲು ಗಾದೆ ಕಟ್ಟಿದವರಿಗೆ ಬೇರೆ ಪ್ರಾಣಿ ಸಿಗಲಿಲ್ಲ. ಬಳ್ಳಾರಿ, ಕೊಪ್ಪಳ, ತುಮಕೂರು ಕಡೆಯ ಹಳ್ಳಿಗಳಲ್ಲಿ ಕೇಳಿ ನೋಡಿ, ಚಿರತೆಯಾದರೆ ತಪ್ಪಿಸಿಕೊಂಡು ಹೋಗುತ್ತದೆ, ಕರಡಿ ಎದ್ದು ನಿಂತು ಮುಖಕ್ಕೇ ಕೈ ಹಾಕುತ್ತದೆ ಎನ್ನುತ್ತಾರೆ. ದರೋಜಿಯ ಕರಡಿಧಾಮದಲ್ಲಿ ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಬರುವ ಕರಡಿಯನ್ನು ಜನ ದೂರದ ಗೋಪುರದಿಂದ ನೋಡಿ, ದುರ್ಬೀನು ಮಡಚಿ, ಮನೆಗೆ ಹೋಗುತ್ತಾರೆ. ತಬ್ಬಿಕೊಳ್ಳುವ ಆಸೆ ಯಾರಿಗೂ ಬಂದಂತಿಲ್ಲ.

ಆದರೂ ಮಕ್ಕಳ ನಿದ್ದೆಗೂ ಕರಡಿಗೂ ನಮ್ಮಲ್ಲೊಂದು ಹಳೆಯ ನಂಟುಂಟು. ಕರಡಿ ಕುಣಿಸುವ ಕಲಂದರರು ಮೂಗುದಾರ ಹಾಕಿದ ಕರಡಿಯನ್ನು ಬೀದಿಗೆ ತರುತ್ತಿದ್ದ ಕಾಲದಲ್ಲಿ, ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಅದರ ಬೆನ್ನ ಮೇಲೆ ಒಂದು ಸುತ್ತು ಕೂರಿಸಿ, ನಾಲ್ಕು ಕೂದಲನ್ನು ತಾಯತಕ್ಕೆ ತುಂಬಿ ಕೊರಳಿಗೆ ಕಟ್ಟಿಸುತ್ತಿದ್ದರು. ಆ ಆಟ ನಿಂತಿತು, ನಿಂತದ್ದೇ ಒಳ್ಳೆಯದು. ಕೊನೆಯ ಕುಣಿಯುವ ಕರಡಿಯೆಂದು ಸುದ್ದಿಯಾದ ರಾಜು 2009ರಲ್ಲಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರಕ್ಕೆ ಬಂದು ಸೇರಿದ. ನಾವು ಕೂದಲನ್ನು ಕಟ್ಟಿದೆವು, ಅಮೆರಿಕ ಯುರೋಪಿನವರು ಇಡೀ ಕರಡಿಯನ್ನೇ ಬೊಂಬೆ ಮಾಡಿ ಮಗುವಿನ ಹಾಸಿಗೆಗೆ ಹಾಕಿದರು. ಉದ್ದೇಶ ಒಂದೇ, ಅಳತೆ ಬೇರೆ.

ಆದರೆ ಆ ಹಾಸಿಗೆಯ ಕರಡಿ ನಿಜಕ್ಕೂ ಮಗುವಿನದೇ? ಅರವತ್ತು ದಾಟಿದವರು ಟೆಡ್ಡಿಗಳನ್ನು ಕಪಾಟಿನಲ್ಲಿ ಸಾಲಾಗಿ ಕೂರಿಸಿ ಧೂಳು ಒರೆಸುವುದನ್ನು ಕಂಡು ನಗುವವರು ಇದನ್ನೊಮ್ಮೆ ಯೋಚಿಸಬೇಕು. ನನ್ನ ಅಭಿಪ್ರಾಯದಲ್ಲಿ ಟೆಡ್ಡಿ ಕರಡಿ ಹುಟ್ಟಿದ್ದೇ ದೊಡ್ಡವರಿಗಾಗಿ. ಮಕ್ಕಳದು ಬರೀ ಹೆಸರು.

ಹುಟ್ಟಿದ ಕಥೆಯನ್ನೇ ತೆಗೆದುಕೊಳ್ಳಿ. 1902ರ ನವೆಂಬರ್. ಅಮೆರಿಕದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಮಿಸಿಸಿಪಿಯ ಕಾಡಿಗೆ ಕರಡಿ ಬೇಟೆಗೆ ಹೋಗಿದ್ದರು. ದಾರಿ ತೋರಿಸಲು ಇದ್ದವನು ಹೋಲ್ಟ್ ಕಾಲಿಯರ್. ಗುಲಾಮನಾಗಿ ಹುಟ್ಟಿ ಕರಡಿ ಬೇಟೆಯಲ್ಲಿ ಹೆಸರು ಮಾಡಿದ ಕರಿಯ ಮನುಷ್ಯ. ಅಧ್ಯಕ್ಷರಿಗೆ ಒಂದೂ ಕರಡಿ ಸಿಗಲಿಲ್ಲ. ಕಾಲಿಯರನ ನಾಯಿಗಳು ಒಂದನ್ನು ಅಟ್ಟಿ ಸುಸ್ತು ಮಾಡಿದವು, ಅದು ನಾಯಿಯ ಮೇಲೆ ಬಿದ್ದಾಗ ಅವನು ಬಂದೂಕಿನ ಹಿಡಿಯಿಂದ ಬಡಿದು ಮರಕ್ಕೆ ಕಟ್ಟಿದ. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹಾರಿಸುವುದು ಬೇಟೆಗಾರನಿಗೆ ತಕ್ಕದ್ದಲ್ಲ ಎಂದು ರೂಸ್‌ವೆಲ್ಟ್ ಒಲ್ಲೆನೆಂದರು. ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ಇಷ್ಟು: ನರಳುತ್ತಿದ್ದ ಕರಡಿಯನ್ನು ಮುಗಿಸಿಬಿಡಿ ಎಂದು ಅವರೇ ಹೇಳಿದರು, ಜೊತೆಯವರು ಚಾಕುವಿನಿಂದ ಕೊಂದರು.

ವಾಷಿಂಗ್ಟನ್ ಪೋಸ್ಟ್‌ನ ವ್ಯಂಗ್ಯಚಿತ್ರಕಾರ ಕ್ಲಿಫರ್ಡ್ ಬೆರ್ರಿಮನ್ ಆ ಪ್ರಸಂಗವನ್ನು ಬರೆದರು. ಆಮೇಲೆ ಅದೇ ಚಿತ್ರವನ್ನು ಮತ್ತೆ ಬರೆದಾಗ ಕರಡಿ ಕುಗ್ಗಿ, ಕಿವಿ ಉರುಟಾಗಿ, ಕಣ್ಣರಳಿಸಿ ನಡುಗುವ ಮರಿಯಾಯಿತು. ಕಾಡಿನಲ್ಲಿ ಸತ್ತ ದೊಡ್ಡ ಕರಡಿ ಕಾಗದದ ಮೇಲೆ ಮರಿಯಾಗಿ ಬದುಕಿಕೊಂಡಿತು. ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಮಾರಿಸ್ ಮಿಚ್‌ಟಮ್ ಮತ್ತು ಅವರ ಹೆಂಡತಿ ರೋಸ್ ಬಟ್ಟೆಯ ಕರಡಿಯೊಂದನ್ನು ಹೊಲಿದು ಅಂಗಡಿಯ ಗಾಜಿನಲ್ಲಿಟ್ಟು, ರೂಸ್‌ವೆಲ್ಟರ ಅಡ್ಡಹೆಸರು ಹಿಡಿದು ‘ಟೆಡ್ಡಿಯ ಕರಡಿ’ ಎಂದು ಚೀಟಿ ಹಚ್ಚಿದರು. ಅಧ್ಯಕ್ಷರು, ಪತ್ರಿಕೆ, ವ್ಯಂಗ್ಯಚಿತ್ರ, ವ್ಯಾಪಾರ. ಇದರಲ್ಲಿ ಮಗು ಎಲ್ಲಿದೆ, ಹೇಳಿ.

ಅದೇ ಹೊತ್ತಿಗೆ ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ, ಇವರ ಸುದ್ದಿಯೇ ಇಲ್ಲದೆ, ಇನ್ನೊಂದು ಕರಡಿ ತಯಾರಾಗುತ್ತಿತ್ತು. ಅಲ್ಲಿನ ಕಾರ್ಖಾನೆಯ ಒಡತಿ ಮಾರ್ಗರೆಟ್ ಸ್ಟೈಫ್. ಒಂದೂವರೆ ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಕಾಲು ಹೋಗಿತ್ತು, ಬಲಗೈಯೂ ಸರಿಯಾಗಿ ಏಳುತ್ತಿರಲಿಲ್ಲ. ಹಟ ಹಿಡಿದು ಹೊಲಿಗೆ ಕಲಿತರು. 1880ರಲ್ಲಿ ಸೂಜಿ ಚುಚ್ಚಿಡಲೆಂದು ಫೆಲ್ಟ್ ಬಟ್ಟೆಯ ಪುಟ್ಟ ಆನೆಗಳನ್ನು ಮಾಡಿದರೆ, ಕೊಂಡವರು ಸೂಜಿ ಚುಚ್ಚದೆ ಮಕ್ಕಳ ಕೈಗೆ ಕೊಟ್ಟರು, ಅಲ್ಲಿಂದ ಕಾರ್ಖಾನೆ ಬೆಳೆಯಿತು. ತಮ್ಮನ ಮಗ ರಿಚರ್ಡ್ ಸ್ಟುಟ್‌ಗಾರ್ಟ್‌ನ ಮೃಗಾಲಯದಲ್ಲಿ ಕೂತು ಕರಡಿಗಳನ್ನು ಬರೆದುಕೊಂಡು ಬಂದು, ಕೈಕಾಲು ತಿರುಗುವ ಕರಡಿಯನ್ನು ಮೋಹೇರ್ ಬಟ್ಟೆಯಲ್ಲಿ ಮಾಡಿದ. ಮೋಹೇರ್ ಎಂದರೆ ಅಂಗೋರಾ ಮೇಕೆಯ ಕೂದಲು, ಒಳಗೆ ತುಂಬಿದ್ದು ಎಳೆಎಳೆಯಾಗಿ ಹೆರೆದ ಮರ. 1903ರ ಲೀಪ್‌ಜಿಗ್ ಆಟಿಕೆ ಮೇಳದಲ್ಲಿ ಅದನ್ನು ಯಾರೂ ಮೂಸಲಿಲ್ಲ. ಗಂಟುಮೂಟೆ ಕಟ್ಟುವ ಹೊತ್ತಿಗೆ ಬಂದ ಅಮೆರಿಕದ ವ್ಯಾಪಾರಿಯೊಬ್ಬ 3,000 ಬೇಕೆಂದ. ನಾಲ್ಕೇ ವರ್ಷಕ್ಕೆ, 1907ರಲ್ಲಿ, ಆ ಒಂದು ಕಾರ್ಖಾನೆ ಹೊರಗೆ ಕಳಿಸಿದ ಕರಡಿಗಳು 9,74,000. ಮೊದಲು ಮಾಡಿದ ಆ ಮಾದರಿಯದು ಒಂದಾದರೂ ಉಳಿದಿದೆಯೆ ಎಂದು ಸಂಗ್ರಾಹಕರು ಹುಡುಕುತ್ತಲೇ ಇದ್ದಾರೆ, ಸಿಕ್ಕಿಲ್ಲ.

ಆ 1907ರಲ್ಲಿ ಅಮೆರಿಕದ ಸಿರಿವಂತ ಹೆಂಗಸರು ಮೋಟಾರಿನಲ್ಲಿ ಕರಡಿಯನ್ನು ಪಕ್ಕ ಕೂರಿಸಿಕೊಂಡು ತಿರುಗುತ್ತಿದ್ದರು. ಮಿಚಿಗನ್‌ನ ಪಾದ್ರಿಯೊಬ್ಬರು ಕೋಪದಿಂದ ಪ್ರವಚನ ಮಾಡಿದರು: ಹುಡುಗಿಯರು ಮಗುವಿನ ಬೊಂಬೆ ಬಿಟ್ಟು ಕರಡಿ ಎತ್ತಿಕೊಂಡರೆ ಮುಂದೆ ತಾಯ್ತನದ ಆಸೆಯೇ ಸತ್ತು ಜನಾಂಗ ಅಳಿಯುತ್ತದೆ. ಜನಾಂಗಕ್ಕೇನೂ ಆಗಲಿಲ್ಲವೆಂದು ಜನಗಣತಿ ಹೇಳುತ್ತದೆ.

ನನ್ನ ವಾದಕ್ಕೆ ನನಗಿಂತ ಗಟ್ಟಿ ಸಾಕ್ಷಿ ವಿಜ್ಞಾನಿಗಳದು. ಕೇಂಬ್ರಿಡ್ಜಿನ ಪ್ರಾಣಿವರ್ತನೆ ತಜ್ಞ ರಾಬರ್ಟ್ ಹೈಂಡ್, ಜೊತೆಗಾರರೊಬ್ಬರೊಡನೆ, ಹಳೆಯ ಹೊಸ ಟೆಡ್ಡಿಗಳ ಮುಖವನ್ನು ಅಳೆದು 1985ರಲ್ಲಿ ಒಂದು ಪ್ರಬಂಧ ಬರೆದರು. ಮೊದಲ ಕರಡಿಗಳಿಗೆ ಉದ್ದ ಮೂತಿ, ಸಣ್ಣ ಹಣೆ. ವರ್ಷ ಕಳೆದಂತೆ ಹಣೆ ಅಗಲವಾಯಿತು, ಮೂತಿ ಮೊಟಕಾಯಿತು, ಕರಡಿ ಎಳೆಗೂಸಿನಂತಾಯಿತು. ಹಾಗೆ ಆಗಿಸಿದವರು ಯಾರು? ಇನ್ನೊಂದು ತಂಡ 1995ರಲ್ಲಿ ಮಕ್ಕಳ ಮುಂದೆಯೇ ಎರಡೂ ಬಗೆಯ ಕರಡಿ ಇಟ್ಟು ನೋಡಿತು. ಆರೆಂಟು ವರ್ಷದವರು ಮಗುಮುಖದ ಕರಡಿ ಆರಿಸಿದರು, ನಾಲ್ಕು ವರ್ಷದವರಿಗೆ ಆ ಮೋಹವೇ ಇರಲಿಲ್ಲ. ಅಂದರೆ ತಬ್ಬಿಕೊಂಡು ಮಲಗುವ ವಯಸ್ಸಿನ ಕೂಸಿಗೆ ಮೂತಿಯ ಉದ್ದ ಲೆಕ್ಕಕ್ಕಿಲ್ಲ. ಅಂಗಡಿಯಲ್ಲಿ ನಿಂತು ‘ಅಯ್ಯೋ, ಎಷ್ಟು ಮುದ್ದಾಗಿದೆ’ ಎಂದು ಪರ್ಸು ತೆಗೆದ ಅಪ್ಪ ಅಮ್ಮ ಅಜ್ಜಿಯರೇ ತಮಗೆ ಬೇಕಾದ ಮುಖವನ್ನು ಕರಡಿಗೆ ಕೊಟ್ಟರು.

ಇದನ್ನು ಒಪ್ಪಿಕೊಳ್ಳಲು ಮಾತ್ರ ದೊಡ್ಡವರಿಗೆ ಸಂಕೋಚ. ನನ್ನ ಪರಿಚಯದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿದ್ದಾರೆ. ಮನೆಯ ಶೋಕೇಸಿನಲ್ಲಿ ಕಪ್ಪು ಬಿಳುಪು ಫೋಟೊ, ಸರ್ವಿಸಿಗೆ ಕೊಟ್ಟ ಫಲಕ, ನಡುವೆ ದಂಡಿ ಕರಡಿಗಳು.

“ಏನ್ ಸಾರ್, ಮೊಮ್ಮಗಳದಾ?” ಎಂದೆ.

“ಹ್ಞೂಂ, ಅವಳದೇ,” ಎಂದರು, ಪೇಪರಿನಿಂದ ತಲೆ ಎತ್ತದೆ.

ಒಳಗಿನಿಂದ ಅವರ ಮನೆಯವರ ದನಿ ಬಂತು: “ಯಾವ ಮೊಮ್ಮಗಳ್ರೀ? ನಮಗಿರೋನು ಮೊಮ್ಮಗ. ಅವನು ಮುಟ್ಟಿದ್ರೆ ಇವರು ಬೈತಾರೆ.”

ಅದೇ ಮನೆಯಾಕೆ ನವರಾತ್ರಿ ಬಂದರೆ ಅಟ್ಟದಿಂದ ಟ್ರಂಕು ಇಳಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚಿ ಮೆಟ್ಟಿಲಿನ ಮೇಲೆ ಕೂರಿಸುತ್ತಾರೆ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳು, ಚನ್ನಪಟ್ಟಣದ ಮದ್ದಳೆಯವರು, ವರ್ಷವರ್ಷ ಸೇರಿದ ಹೊಸವು. ಐವತ್ತು ವರ್ಷದ ಹೆಂಗಸು ಗೊಂಬೆ ಕೊಂಡರೆ ಯಾರೂ ನಗುವುದಿಲ್ಲ, ದೇವಿಯ ಅಪ್ಪಣೆ ಇದೆ. ಗಂಡನ ಕರಡಿಗೆ ಆ ಅಪ್ಪಣೆ ಇಲ್ಲ, ಆದ್ದರಿಂದ ಇಲ್ಲದ ಮೊಮ್ಮಗಳು ಹುಟ್ಟಬೇಕಾಗುತ್ತದೆ.

ಇಂಗ್ಲೆಂಡಿನ ಕವಿ ಜಾನ್ ಬೆಟ್ಜಮನ್ ಮಾತ್ರ ಯಾವ ನೆಪವನ್ನೂ ಹೇಳಲಿಲ್ಲ. ಆರ್ಚಿಬಾಲ್ಡ್ ಎಂಬ ತಮ್ಮ ಬಾಲ್ಯದ ಕರಡಿಯನ್ನು ಆಕ್ಸ್‌ಫರ್ಡಿಗೆ ಹೊತ್ತೊಯ್ದರು. ಗೆಳೆಯ ಈವ್ಲಿನ್ ವಾ ಅದನ್ನು ನೋಡಿಟ್ಟುಕೊಂಡು, ಮುಂದೆ ‘ಬ್ರೈಡ್ಸ್‌ಹೆಡ್ ರಿವಿಸಿಟೆಡ್’ ಕಾದಂಬರಿಯಲ್ಲಿ ತನ್ನ ಪಾತ್ರವೊಂದರ ಕೈಗೆ ಅಲಾಯ್ಶಿಯಸ್ ಎಂಬ ಕರಡಿ ಕೊಟ್ಟ. ನಟ ಪೀಟರ್ ಬುಲ್ ಅವರದು ಬೇರೆ ದಾರಿ. ಶಾಲೆಯ ಹಾಸ್ಟೆಲಿನಲ್ಲಿದ್ದಾಗ ತಾಯಿ ಅವರ ಕರಡಿಯನ್ನು ಹಳೆ ಸಾಮಾನಿನ ಸಂತೆಗೆ ಕೊಟ್ಟುಬಿಟ್ಟಿದ್ದರು. ಮಹಾಯುದ್ಧದಲ್ಲಿ ನೌಕಾಪಡೆಯ ದೋಣಿ ನಡೆಸಿ ಬಂದ ಈ ದಢೂತಿ ಮನುಷ್ಯ ಆ ದುಃಖವನ್ನು ಮರೆಯಲಿಲ್ಲ. ಕರಡಿಗಳನ್ನು ಸೇರಿಸಿದರು, 1969ರಲ್ಲಿ ಪುಸ್ತಕವನ್ನೇ ಬರೆದರು. ಓದಿದ ದೊಡ್ಡವರು ತಾವೂ ಕರಡಿ ಇಟ್ಟುಕೊಂಡಿರುವುದಾಗಿ ಬಾಯಿ ಬಿಟ್ಟರು. ಇಂದಿನ ಸಂಗ್ರಾಹಕರ ಬಳಗಕ್ಕೆ ಅಲ್ಲಿಂದಲೇ ದನಿ ಬಂದದ್ದು. 1981ರಲ್ಲಿ ವಾ ಅವರ ಕಾದಂಬರಿ ದೂರದರ್ಶನ ಧಾರಾವಾಹಿಯಾದಾಗ ಅಲಾಯ್ಶಿಯಸ್ ಪಾತ್ರ ಮಾಡಿದ್ದು ಬುಲ್ ಅವರ ಕರಡಿ, ಅಮೆರಿಕದ ಮೇನ್ ಪ್ರಾಂತದ ಅಂಗಡಿಯೊಂದರ ಅಟ್ಟಣೆಯಲ್ಲಿ ದಶಕಗಟ್ಟಲೆ ಕೂತಿದ್ದದ್ದು. ಬೆಟ್ಜಮನ್ ತೀರಿಕೊಂಡದ್ದು 1984ರ ಮೇ 19ರಂದು, ಆರ್ಚಿಬಾಲ್ಡ್ ಪಕ್ಕದಲ್ಲೇ ಇತ್ತು. ಬುಲ್ ತೀರಿಕೊಂಡದ್ದು ಮರುದಿನ.

ಟೆಡ್ಡಿ ಸಂಗ್ರಹದ ವಿಚಿತ್ರ ಇಲ್ಲಿದೆ ಎನ್ನಿಸುತ್ತದೆ. ಅಂಚೆಚೀಟಿಗೆ ಠಸ್ಸೆ ಬೀಳದಿದ್ದರೆ, ನಾಣ್ಯ ಸವೆಯದಿದ್ದರೆ ಬೆಲೆ. ಕರಡಿಯಲ್ಲೂ ಹರಾಜಿನವರು ಅದನ್ನೇ ಕೇಳುತ್ತಾರೆ: ಕೂದಲು ಉದುರಿಲ್ಲವೆ, ಕಣ್ಣು ಮೊದಲಿನ ಬೂಟುಗುಂಡಿಯದೇ, ಎಡಗಿವಿಯಲ್ಲಿ ಸ್ಟೈಫ್‌ನ ಲೋಹದ ಗುಂಡಿ ಇದೆಯೆ. ಪಳಗಿದವರು ಎತ್ತಿ ಮೂಸಿಯೂ ನೋಡುತ್ತಾರೆ, ಚಹಾದ ನೀರಿನಲ್ಲಿ ಅದ್ದಿ ಹಳತಾಗಿಸಿದ ಕರಡಿಗೆ ನೂರು ವರ್ಷದ ವಾಸನೆ ಬರುವುದಿಲ್ಲ. ಆದರೆ 1994ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1,10,000 ಪೌಂಡಿಗೆ ಹೋದ ‘ಟೆಡ್ಡಿ ಗರ್ಲ್’ ಈ ಲೆಕ್ಕವನ್ನೆಲ್ಲ ಮೀರಿತು. ಅದು ಕರ್ನಲ್ ಬಾಬ್ ಹೆಂಡರ್ಸನ್ ಎಂಬ ಸೈನಿಕನ ಬಾಲ್ಯದ ಕರಡಿ. ಮೊದಲು ಬರೀ ಟೆಡ್ಡಿ, ಕರ್ನಲರ ಮಗಳು ಲಂಗ ತೊಡಿಸಿದ ಮೇಲೆ ಹೆಣ್ಣಾಯಿತು. ಅಷ್ಟೇ ಹಳೆಯ ಸ್ಟೈಫ್ ಕರಡಿಗಳು ಬೇರೆ ಇದ್ದವು, ಇದಾದರೋ ಒಬ್ಬ ಮನುಷ್ಯನ ಜೊತೆ ಬಾಲ್ಯದಿಂದ ಸಾವಿನವರೆಗೆ ಇದ್ದ ಕರಡಿ. ಕೊಂಡವರು ಜಪಾನಿನ ಯೊಶಿಹಿರೊ ಸೆಕಿಗುಚಿ, ಇಝು ಪ್ರದೇಶದಲ್ಲಿ ಕಟ್ಟುತ್ತಿದ್ದ ವಸ್ತುಸಂಗ್ರಹಾಲಯಕ್ಕೆ.

ಹಾಗೆಂದು ಇದನ್ನು ಹೂಡಿಕೆ ಎಂದುಕೊಂಡವರಿಗೆ 2006ರ ಪ್ರಸಂಗ ಸಾಕು. ಇಂಗ್ಲೆಂಡಿನ ವೂಕಿ ಹೋಲ್‌ನಲ್ಲಿ ನಡೆದಿದ್ದ ಪ್ರದರ್ಶನಕ್ಕೆ ರಾತ್ರಿ ಕಾವಲಿದ್ದದ್ದು ಬಾರ್ನಿ ಎಂಬ ಡಾಬರ್‌ಮನ್. ಅಲ್ಲಿಯವರೆಗೆ ಬಲು ಸಂಭಾವಿತ. ಆ ರಾತ್ರಿ ಅದಕ್ಕೆ ಏನನ್ನಿಸಿತೋ, ನೂರರಷ್ಟು ಕರಡಿಗಳನ್ನು ಸಿಗಿದು ಹಾಕಿತು. ಅದರಲ್ಲಿ ಒಂದು ಗಾಯಕ ಎಲ್ವಿಸ್ ಪ್ರೀಸ್ಲಿಯದಾಗಿದ್ದ 1909ರ ‘ಮೇಬಲ್’, ಬೆಲೆ 40,000 ಪೌಂಡು. ನಾಯಿಗೆ ಕ್ಯಾಟಲಾಗು ಓದಲು ಬರುವುದಿಲ್ಲ.

ನಮ್ಮಲ್ಲಿ ಫೆಬ್ರವರಿ 10 ಬಂದರೆ ‘ಟೆಡ್ಡಿ ಡೇ’ ಎಂದು ಸಿಗ್ನಲ್ಲಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬೆವರುತ್ತ ನೇತಾಡುವ ಗುಲಾಬಿ ಕರಡಿಗಳ ಬಗ್ಗೆ ನನಗೆ ಹೇಳುವಂಥದ್ದೇನಿಲ್ಲ. ಅವು ಪ್ರೀತಿ ಮುರಿಯುವ ಮುಂಚೆಯೇ ಹೊಲಿಗೆ ಬಿಡುತ್ತವೆ. ಆದರೆ ಬೆಳಿಗ್ಗೆ ಬೀದಿಗೆ ಬರುವ ಕೆಲವು ಕಸದ ಆಟೋಗಳ ಮುಂದೆ ಕಟ್ಟಿದ ಕರಡಿಗಳನ್ನು ನಿಂತು ನೋಡುತ್ತೇನೆ. ಒಂದು ಕಣ್ಣಿಲ್ಲ, ಹೊಟ್ಟೆಯ ಹತ್ತಿ ಇಣುಕುತ್ತಿದೆ, ಮಳೆಗೆ ನೆನೆದು ಬಣ್ಣ ಹೋಗಿದೆ. ಯಾರೋ ತಿಪ್ಪೆಗೆ ಎಸೆದದ್ದನ್ನು ಆ ಪೌರಕಾರ್ಮಿಕ ಎತ್ತಿ, ಒರೆಸಿ, ತಂತಿಯಿಂದ ಬಿಗಿದು ಕೂರಿಸಿದ್ದಾನೆ. ಕೇಳಿದರೆ ದೃಷ್ಟಿಗೆ ಅನ್ನಬಹುದು. ಅದೂ ಒಂದು ನೆಪವೇ. ನನಗೆ ತಿಳಿದಂತೆ ನಮ್ಮ ಊರಿನ ಅತಿ ಪ್ರಾಮಾಣಿಕ ಟೆಡ್ಡಿ ಸಂಗ್ರಾಹಕ ಅವನು: ಬೆಲೆ ನೋಡಲಿಲ್ಲ, ಗುಂಡಿ ನೋಡಲಿಲ್ಲ, ಕರಡಿ ಕಸವಾಗಿ ಹೋಗುವುದು ಅವನಿಗೆ ಸಹಿಸಲಾಗಲಿಲ್ಲ.

ನಿಮ್ಮ ಅಟ್ಟದಲ್ಲೂ ಒಂದಿದ್ದರೆ ಕೆಳಗಿಳಿಸಿ. ವಾಷಿಂಗ್ ಮಷೀನಿಗೆ ಹಾಕಬೇಡಿ, ಕಿವಿಗೆ ಕ್ಲಿಪ್ಪು ಹಾಕಿ ತಂತಿಗೆ ತೂಗಬೇಡಿ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ನುಸಿ ಹಿಡಿದ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡಿ, ಹುಳು ಸಾಯುತ್ತದೆ, ಕರಡಿಗೆ ಏನೂ ಆಗುವುದಿಲ್ಲ. ಐಸ್‌ಕ್ರೀಮಿನ ಪಕ್ಕದಲ್ಲಿ ಇದೇಕೆ ಎಂದು ಮನೆಯವರು ಕೇಳಿದರೆ, ನಂದು ಎಂದು ಹೇಳಿಬಿಡಿ.